ರಸ್ತೆಯನ್ನು ಓದುವ ವಿದ್ಯೆ

(ಬಾನುಲಿ ಭಾಷಣ)

ನಾನು ವಾಹನ ಚಾಲನೆಯ ಲೈಸೆನ್ಸು ಪಡೆದದ್ದು 1978ರಲ್ಲಿ. ಆಗ ನನಗೆ ಇಪ್ಪತ್ತೊಂದು ವರ್ಷ. ಅಂದಿನ ಪರೀಕ್ಷೆ ಅಂಥ ಕಠಿಣವಾದುದೇನೂ ಆಗಿರಲಿಲ್ಲ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದ ಒಂದು ಬಯಲು. ಅಲ್ಲಿ, ಕನ್ನಡದ ಎಂಟರ ಹಾಗಲ್ಲ, ಇಂಗ್ಲಿಷಿನ ಎಂಟರ ಹಾಗೆ, ಕಾಲು ನೆಲಕ್ಕೆ ತಾಗದಂತೆ ಸ್ಕೂಟರನ್ನು ಸುತ್ತಿಸಬೇಕು. ಬಳಿಕ ಬಲಗೈಯನ್ನು ಚಾಚಿ, ಬೀಸಿ, ತಿರುಗುವ ಮತ್ತು ನಿಲ್ಲುವ ಸನ್ನೆಗಳನ್ನು ತೋರಿಸಬೇಕು. ಇಷ್ಟನ್ನೂ ನಾನು ಚೆನ್ನಾಗಿಯೇ ಮಾಡಿದೆ. ನನಗೆ ಸ್ಕೂಟರು ಕಲಿಸಿದ ಸೋದರಮಾವ ಬಯಲಿನ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಅಂದು ಮನೆಯಲ್ಲಿ ಶಾವಿಗೆ ಪಾಯಸವಾಯಿತು.

ಅದೇ ವರ್ಷ ಕಾರ್ತಿಕ ಮಾಸದ ಒಂದು ಸಂಜೆ ನನ್ನ ತಮ್ಮನನ್ನು ಹಿಂದೆ ಕೂರಿಸಿಕೊಂಡು ಮೈಸೂರಿನಿಂದ ಮಂಡ್ಯಕ್ಕೆ ಹೊರಟಿದ್ದೆ. ಕಬ್ಬು ಅರೆಯುವ ಕಾಲ. ಶ್ರೀರಂಗಪಟ್ಟಣವನ್ನು ದಾಟುವಷ್ಟರಲ್ಲಿ ಕತ್ತಲಾಗಿತ್ತು. ಎದುರಿನಿಂದ ಬಂದ ಬಸ್ಸಿನ ದೀಪ ಕಣ್ಣಿಗೆ ಹೊಡೆಯಿತು. ಬಸ್ಸು ಹಾದುಹೋದ ಮೇಲೂ ಕಣ್ಣೊಳಗೆ ಹಳದಿಯ ಮಬ್ಬೊಂದು ಉಳಿದುಕೊಂಡಿತು. ಆ ಮಬ್ಬಿನಿಂದ ಕಬ್ಬು ಹೇರಿದ ಎತ್ತಿನ ಗಾಡಿಯ ಹಿಂಭಾಗ ಎದ್ದು ಬಂದಂತೆ ಕಾಣಿಸಿತು. ಗಾಡಿಯ ಅಚ್ಚಿಗೆ ತೂಗುಹಾಕಿದ್ದ ಲಾಂದ್ರ ಆರಿಹೋಗಿತ್ತು. ಬ್ರೇಕನ್ನು ಬಲವಾಗಿ ತುಳಿದದ್ದು ನೆನಪಿದೆ. ನನಗೆ ಆದದ್ದು ತರಚುಗಾಯ ಮಾತ್ರ. ತಮ್ಮನ ಎಡಗಾಲು ಎರಡು ಕಡೆ ಮುರಿಯಿತು. ಆ ವರ್ಷ ಅವನು ಕಾಲೇಜಿನ ಖೋಖೋ ತಂಡದಲ್ಲಿದ್ದ. ಇಂದಿಗೂ ಎಡಗಾಲನ್ನು ತುಸು ಎಳೆದೇ ನಡೆಯುತ್ತಾನೆ.

ಬಹಳ ವರ್ಷ ನಾನು ಆ ಆರಿದ ಲಾಂದ್ರವನ್ನೇ ದೂರುತ್ತಿದ್ದೆ. ಕೇಳಿದವರೂ ಹೌದೆನ್ನುತ್ತಿದ್ದರು. ನನ್ನ ವೃತ್ತಿ ಭೌತಶಾಸ್ತ್ರದ ಅಧ್ಯಾಪನ. ವೇಗ, ವೇಗೋತ್ಕರ್ಷ, ದೂರ ಇವುಗಳ ಸೂತ್ರವನ್ನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆದು ಅಳಿಸುತ್ತಿದ್ದವನಿಗೆ, ಆ ಸೂತ್ರ ನನ್ನ ಸ್ಕೂಟರಿಗೂ ಅನ್ವಯಿಸುತ್ತದೆಂದು ಹೊಳೆಯಲು ಹತ್ತು ವರ್ಷ ಬೇಕಾಯಿತು. ಒಂದು ದಿನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಉದಾಹರಣೆ ಕೇಳಿದ. ಬಾಯಿಗೆ ಬಂದ ಅಂಕಿಗಳನ್ನು ತೆಗೆದುಕೊಂಡು ಲೆಕ್ಕ ಮಾಡುತ್ತ ಹೋದೆ. ಮುಗಿಯುವ ವೇಳೆಗೆ ಸೀಮೆಸುಣ್ಣ ಹಿಡಿದ ಕೈ ತಣ್ಣಗಾಗಿತ್ತು.

ಲೆಕ್ಕ ಹೀಗಿದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ವಾಹನ ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಸಾಗುತ್ತದೆ. ಅಪಾಯವನ್ನು ಕಣ್ಣು ಕಂಡು, ಮನಸ್ಸು ಅದನ್ನು ಅಪಾಯವೆಂದು ಗುರುತಿಸಿ, ಕೈಕಾಲುಗಳಿಗೆ ಅಪ್ಪಣೆ ತಲುಪುವುದಕ್ಕೆ ಎಚ್ಚರವಾಗಿರುವ ತರುಣನಿಗೂ ಒಂದು ಸೆಕೆಂಡಿನಷ್ಟು ಕಾಲ ಬೇಕು. ಬ್ರೇಕು ಇನ್ನೂ ಹಿಡಿದಿಲ್ಲ, 17 ಮೀಟರು ಹೋಗಿಯೇ ಬಿಟ್ಟಿತು. ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ, ಒಳ್ಳೆಯ ಟಯರು ಮತ್ತು ಒಳ್ಳೆಯ ಬ್ರೇಕು ಇದ್ದರೆ, ಅಲ್ಲಿಂದ ಮುಂದೆ ನಿಲ್ಲಲು ಇನ್ನೂ 20 ಮೀಟರು. ಒಟ್ಟು 37. ನನ್ನ ಹಳೆಯ ಸ್ಕೂಟರಿನ ಮಂಕುದೀಪ ಬೆಳಗುತ್ತಿದ್ದುದು ಹೆಚ್ಚೆಂದರೆ 25 ಮೀಟರು. ಅಂದರೆ ನಾನು ಕಾಣಬಲ್ಲ ದೂರಕ್ಕಿಂತ ನಿಲ್ಲಲು ಬೇಕಾದ ದೂರ ಹನ್ನೆರಡು ಮೀಟರು ಹೆಚ್ಚಾಗಿತ್ತು. ಆ ಹನ್ನೆರಡು ಮೀಟರಿನ ಸಾಲವನ್ನು ನನ್ನ ತಮ್ಮ ತನ್ನ ಕಾಲಿನಿಂದ ತೀರಿಸಿದ.

ಅದೇ ರಾತ್ರಿ, ಅದೇ ದೀಪದಲ್ಲಿ, 40ರ ವೇಗದಲ್ಲಿ ಹೋಗಿದ್ದರೆ? ಯೋಚಿಸಲು 11 ಮೀಟರು, ನಿಲ್ಲಲು 9, ಒಟ್ಟು 20. ಲಾಂದ್ರ ಆರಿದ್ದರೂ ಗಾಡಿಯ ಹಿಂದೆ ಐದು ಮೀಟರು ಬಿಟ್ಟು ನಿಂತು, ಗಾಡಿಯವನನ್ನು ಬೈದು ಮುಂದೆ ಹೋಗಬಹುದಾಗಿತ್ತು. 80ರ ವೇಗಕ್ಕೆ ಇದೇ ಲೆಕ್ಕ 58 ಮೀಟರಾಗುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಮಡಿಯಾಗುತ್ತದೆಂಬುದು ಪ್ರಕೃತಿಯ ಕಟ್ಟಳೆ. ಮಳೆ ಬಿದ್ದ ರಸ್ತೆಯಲ್ಲಿ ಈ ದೂರ ಇನ್ನೂ ಹಿಗ್ಗುತ್ತದೆ. ಆದ್ದರಿಂದಲೇ ಮುಂದಿನ ವಾಹನಕ್ಕೂ ನಮಗೂ ಕನಿಷ್ಠ ಎರಡು ಸೆಕೆಂಡುಗಳ ಅಂತರವಿರಬೇಕೆಂದು ಬಲ್ಲವರು ಹೇಳುತ್ತಾರೆ. ಅಳೆಯುವುದು ಸುಲಭ: ಮುಂದಿನ ವಾಹನ ಒಂದು ಮೈಲಿಗಲ್ಲನ್ನೋ ಮರವನ್ನೋ ದಾಟಿದೊಡನೆ ಮನಸ್ಸಿನಲ್ಲೇ ‘ಸಾವಿರದ ಒಂದು, ಸಾವಿರದ ಎರಡು’ ಎಂದುಕೊಳ್ಳಬೇಕು, ಮಾತು ಮುಗಿಯುವ ಮೊದಲೇ ನಾವು ಅದೇ ಕಲ್ಲನ್ನು ಮುಟ್ಟಿದರೆ ತೀರ ಹತ್ತಿರವಿದ್ದೇವೆಂದು ಅರ್ಥ. ಮಳೆಯಲ್ಲಿ ನಾಲ್ಕರವರೆಗೆ ಎಣಿಸುವುದು ಮೇಲು. ಅಷ್ಟು ಜಾಗ ಬಿಟ್ಟರೆ ನಮ್ಮೂರಿನಲ್ಲಿ ಇನ್ನೊಬ್ಬ ಬಂದು ಅಲ್ಲಿ ತೂರಿಕೊಳ್ಳುತ್ತಾನೆ ಎಂದು ನೀವು ಹೇಳಬಹುದು. ತೂರಿಕೊಳ್ಳುತ್ತಾನೆ, ನಿಜ. ಆಗ ಮತ್ತೆ ಎಣಿಸಬೇಕಾಗುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೂ ಮನೆಗೆ ತಡವಾಗುವುದು ಒಂದು ನಿಮಿಷಕ್ಕಿಂತ ಕಡಿಮೆ.

ಅಂದಿನ ಪರೀಕ್ಷೆಯಲ್ಲಿ ನನ್ನ ಕೈಕಾಲುಗಳು ತೇರ್ಗಡೆಯಾಗಿದ್ದವು. ಕಣ್ಣನ್ನು ಯಾರೂ ಪರೀಕ್ಷಿಸಿರಲಿಲ್ಲ. ಅಕ್ಷರ ಬರೆಯಲು ಬಂದವನಿಗೆಲ್ಲ ಕಾವ್ಯವನ್ನು ಓದಲು ಬರುವುದಿಲ್ಲವಷ್ಟೆ? ಗೇರು ಬದಲಿಸುವುದು, ತಿರುಗಿಸುವುದು, ನಿಲ್ಲಿಸುವುದು ಇವೆಲ್ಲ ಅಕ್ಷರಾಭ್ಯಾಸ. ರಸ್ತೆಯನ್ನು ಓದುವುದು ಬೇರೆಯೇ ವಿದ್ಯೆ. ನಿಂತ ಬಸ್ಸಿನ ಮುಂದುಗಡೆಯಿಂದ, ಇನ್ನೂ ಕಾಣದ ಒಬ್ಬರು ದಾಟಿ ಬರುತ್ತಾರೆಂದು ಊಹಿಸುವುದು ಓದು. ಓಣಿಯಿಂದ ಚೆಂಡು ಉರುಳಿ ಬಂದರೆ ಅದರ ಹಿಂದೆ ಮಗು ಇದೆಯೆಂದು ತಿಳಿಯುವುದು ಓದು. ಒಂದು ಕುರಿ ರಸ್ತೆ ದಾಟಿದರೆ ಮಂದೆಯೇ ದಾಟಲಿದೆ. ಬದಿಯಲ್ಲಿ ನಿಂತ ಕಾರಿನೊಳಗೆ ತಲೆಯೊಂದು ಅಲುಗಿದರೆ ಬಾಗಿಲು ತೆರೆಯಲಿದೆ. ಆಟೋರಿಕ್ಷಾದ ಚಾಲಕ ಎಡಕ್ಕೆ ಕತ್ತು ಹೊರಳಿಸಿ ಪಾದಚಾರಿಯೊಬ್ಬರನ್ನು ನೋಡಿದನೆಂದರೆ, ದೀಪದ ಸನ್ನೆ ಇರಲಿ ಬಿಡಲಿ, ಅವನು ಎಡಕ್ಕೆ ಬಂದೇ ಬರುತ್ತಾನೆ. ಇಂಥ ಸಾಲುಗಳನ್ನು ಓದಬಲ್ಲವನಿಗೆ ರಸ್ತೆಯಲ್ಲಿ ಹಠಾತ್ತಾಗಿ ನಡೆಯುವುದು ಬಹಳ ಕಡಿಮೆ.

ಕಾರು ಕಲಿಸುವ ಶಾಲೆಗಳಾದರೂ ಇವೆ. ಕನಿಷ್ಠ 21 ದಿನಗಳ ತರಬೇತಿ, ಅದರಲ್ಲಿ ಹತ್ತು ಗಂಟೆಗಳಾದರೂ ಸ್ವತಃ ಚಾಲನೆ ಎಂದು ನಿಯಮವಿದೆ. ದ್ವಿಚಕ್ರ ವಾಹನವನ್ನು ನಮ್ಮಲ್ಲಿ ಬಹುಮಂದಿ ಕಲಿಯುವುದು ಅಣ್ಣನಿಂದಲೋ ಗೆಳೆಯನಿಂದಲೋ, ಒಂದು ಭಾನುವಾರದ ಬೆಳಿಗ್ಗೆ. ಕಲಿಸಿದವರ ತಪ್ಪುಗಳೂ ವಿದ್ಯೆಯ ಜೊತೆಗೆ ಬಳುವಳಿಯಾಗಿ ಬರುತ್ತವೆ. ನನ್ನ ಸೋದರಮಾವನ ಬಳುವಳಿ ಒಂದು ಮಾತು: “ಮುಂದಿನ ಬ್ರೇಕು ಮುಟ್ಟಬೇಡ ಕಣೋ, ಪಲ್ಟಿ ಹೊಡೀತೀಯ.” ಪ್ರೀತಿಯಿಂದ ಹೇಳಿದ ಮಾತು, ಆ ರಾತ್ರಿ ನಾನು ಅದನ್ನು ಪಾಲಿಸಿದೆ ಕೂಡ. ಬಸ್ಸು ಗಕ್ಕನೆ ನಿಂತಾಗ ಒಳಗೆ ನಿಂತವರೆಲ್ಲ ಮುಂದಕ್ಕೆ ವಾಲುವುದನ್ನು ನೋಡಿದ್ದೀರಿ. ಬ್ರೇಕು ಹಿಡಿದ ದ್ವಿಚಕ್ರ ವಾಹನದ ಭಾರವೂ ಹಾಗೆಯೇ ಮುಂದಿನ ಚಕ್ರದ ಮೇಲೆ ವಾಲುತ್ತದೆ. ಭಾರ ಬಿದ್ದ ಚಕ್ರ ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ. ಹಗುರಾದ ಹಿಂದಿನ ಚಕ್ರ ಸುಲಭವಾಗಿ ಜಾರುತ್ತದೆ. ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದಿನ ಬ್ರೇಕಿನಲ್ಲಿದೆ. ಹಿಂದಿನದೊಂದನ್ನೇ ನಂಬಿದರೆ ನಿಲ್ಲುವ ದೂರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೀಗಾಗಿ ಮೇಲೆ ಹೇಳಿದ ಹನ್ನೆರಡು ಮೀಟರು ಕೂಡ ನನ್ನ ಮಟ್ಟಿಗೆ ಉದಾರವಾದ ಲೆಕ್ಕವೇ.

ಸೋದರಮಾವನ ಮಾತಿನಲ್ಲಿ ಸತ್ಯದ ಒಂದು ಚೂರು ಇರಲಿಲ್ಲವೆಂದಲ್ಲ. ಮುಂದಿನ ಬ್ರೇಕನ್ನು ಹೆದರಿಕೆಯಿಂದ ಒಮ್ಮೆಲೇ ಕಿತ್ತು ಹಿಡಿದರೆ ಚಕ್ರ ಬಿಗಿದುಕೊಂಡು ಸವಾರ ಬೀಳುತ್ತಾನೆ, ತಿರುವಿನಲ್ಲಂತೂ ಖಂಡಿತ. ನಿಂಬೆಹಣ್ಣನ್ನು ಹಿಂಡುವಂತೆ ಮೊದಲು ಮೆತ್ತಗೆ, ಆಮೇಲೆ ಬಲವಾಗಿ, ಎರಡು ಬ್ರೇಕುಗಳನ್ನೂ ಕೂಡಿಸಿ ಹಿಡಿಯಬೇಕು. ತಿರುವಿಗೆ ಬೇಕಾದ ವೇಗಕ್ಕೆ ತಿರುವಿಗಿಂತ ಮುಂಚೆಯೇ ಇಳಿದಿರಬೇಕು. ಇದನ್ನು ಬಾನುಲಿಯಲ್ಲಿ ಕೇಳಿ ಕಲಿಯಲಾಗದು. ಖಾಲಿ ಮೈದಾನದಲ್ಲಿ 20ರ ವೇಗದಿಂದ ಆರಂಭಿಸಿ, ಕೈಗೆ ಹದ ಸಿಗುವವರೆಗೆ ಮಾಡಿ ನೋಡಬೇಕು. ಆಪತ್ತಿನ ಕ್ಷಣದಲ್ಲಿ ಕೈ ಮಾಡುವುದು ತನಗೆ ರೂಢಿಯಾದುದನ್ನೇ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯೂ, ಅದಕ್ಕಿಂತ ಚಿಕ್ಕವಕ್ಕೆ ಎರಡು ಬ್ರೇಕುಗಳೂ ಒಟ್ಟಿಗೆ ಹಿಡಿಯುವ ಏರ್ಪಾಡೂ ಕಡ್ಡಾಯವಾದವು. ಅದು ಬಹಳ ಉಪಕಾರವಾದ ಸಂಗತಿ. ಆದರೆ ಬ್ರೇಕಿನ ಲಿವರನ್ನೇ ಮುಟ್ಟಲು ಹೆದರುವವನನ್ನು ಯಾವ ಯಂತ್ರವೂ ಕಾಯಲಾರದು.

ನಮ್ಮ ಸೀಮೆಯ ರಸ್ತೆಗೆ ತನ್ನದೇ ಆದ ಕೆಲವು ಅಧ್ಯಾಯಗಳಿವೆ. ಪರದೇಶದ ಪುಸ್ತಕಗಳಲ್ಲಿ ಅವು ಸಿಗುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಬಯಲುಸೀಮೆಯ ಹಳ್ಳಿಗಳ ಬಳಿ ಡಾಂಬರು ರಸ್ತೆಯೇ ಕಣವಾಗುತ್ತದೆ. ರಾಗಿತೆನೆ, ಹುರುಳಿ, ಅವರೆಗಳನ್ನು ಹಾಸುತ್ತಾರೆ. ಒಕ್ಕಣೆಯ ಕೆಲಸವನ್ನು ನಮ್ಮ ಚಕ್ರಗಳಿಂದ ಮಾಡಿಸಿಕೊಳ್ಳುತ್ತಾರೆ. ಹುರುಳಿಕಾಳಿನ ಮೇಲೆ ಸ್ಕೂಟರು ಹೋಗುವುದೆಂದರೆ ಗೋಲಿಗಳ ಮೇಲೆ ಹೋದಂತೆ. ದೂರದಿಂದಲೇ ಕಂಡು, ಅದರ ಮೇಲೆ ಹೋಗುವ ಮೊದಲೇ ವೇಗ ಇಳಿಸಿ, ಅಲ್ಲಿ ಬ್ರೇಕನ್ನೂ ಮುಟ್ಟದೆ, ವಾಲದೆ ನೆಟ್ಟಗೆ ಸಾಗಬೇಕು. ರೈತನಿಗೆ ಕಣ ಮಾಡಿಕೊಳ್ಳಲು ಜಾಗವಿಲ್ಲವಾಯಿತೇಕೆ ಎಂಬುದು ಬೇರೊಂದು ಭಾಷಣದ ವಿಷಯ. ಎರಡನೆಯದು, ಅಶ್ವಿನಿ ಭರಣಿಗಳ ಮೊದಲ ಮಳೆ. ಬೇಸಗೆಯೆಲ್ಲ ರಸ್ತೆಯ ಮೇಲೆ ಕೂತ ಎಣ್ಣೆ ಜಿಡ್ಡೂ ದೂಳೂ ಮೊದಲ ಹನಿಗಳಿಗೆ ಕರಗಿ ನುಣುಪಾದ ಲೇಪವಾಗುತ್ತವೆ. ಮಣ್ಣಿನ ವಾಸನೆಗೆ ಮನಸ್ಸು ಹಿಗ್ಗುವ ಆ ಹೊತ್ತೇ ಚಕ್ರ ಜಾರುವ ಹೊತ್ತು. ಜೋರು ಮಳೆ ಬಂದು ಕೊಚ್ಚಿಕೊಂಡು ಹೋಗುವವರೆಗೆ ನಿಧಾನವೇ ಗತಿ. ಇನ್ನು ಆಗುಂಬೆಯಂಥ ಘಾಟಿಗಳು. ಅಲ್ಲಿ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಏರುವಾಗ ನಿಂತುಹೋದ ಲಾರಿಯನ್ನು ಮತ್ತೆ ಹೊರಡಿಸುವ ಕಷ್ಟ ಬಲ್ಲವರು ಇದರ ನ್ಯಾಯವನ್ನು ಒಪ್ಪುತ್ತಾರೆ. ಇಳಿಯುವಾಗ ಚಿಕ್ಕ ಗೇರಿನಲ್ಲಿ ಎಂಜಿನ್ನಿನ ಬಿಗಿಯಿಂದಲೇ ಇಳಿಯಬೇಕು. ಉದ್ದಕ್ಕೂ ಬ್ರೇಕನ್ನು ಒತ್ತಿಕೊಂಡೇ ಬಂದರೆ ಅದು ಕಾದು, ಬೇಕಾದಾಗ ಕೈಕೊಡುತ್ತದೆ.

ಹೆಲ್ಮೆಟ್ಟಿನ ವಿಷಯಕ್ಕೆ ಬರೋಣ. ಇದರ ಚರಿತ್ರೆಯಲ್ಲಿ ಸಾಹಿತ್ಯಪ್ರಿಯರಿಗೆ ಪರಿಚಿತನಾದ ಒಬ್ಬ ವ್ಯಕ್ತಿಯಿದ್ದಾನೆ. ‘ಸೆವೆನ್ ಪಿಲರ್ಸ್ ಆಫ್ ವಿಸ್ಡಮ್’ ಬರೆದ ಟಿ. ಇ. ಲಾರೆನ್ಸ್, ಅರೇಬಿಯಾದ ಲಾರೆನ್ಸ್ ಎಂದೇ ಹೆಸರಾದವನು, ಮೋಟಾರು ಸೈಕಲ್ಲಿನ ಮೋಹಿ. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿ ತನ್ನ ಮನೆಯ ಹತ್ತಿರವೇ, ಸೈಕಲ್ಲುಗಳಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟು. ಆರು ದಿನ ಪ್ರಜ್ಞೆ ಬರಲಿಲ್ಲ. ಮೇ 19ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡ. ಅವನನ್ನು ಕಾಣಲು ಕರೆಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರೊಬ್ಬರಿದ್ದರು. ಉಳಿಸಲಾಗದೆ ಹೋದ ಆ ತಲೆ ಅವರನ್ನು ಬಿಡಲಿಲ್ಲವೆಂದು ತೋರುತ್ತದೆ. ಮಹಾಯುದ್ಧದ ಕಾಲದಲ್ಲಿ ಸೇನೆಯ ಸಂದೇಶಗಳನ್ನು ಒಯ್ಯುವ ಮೋಟಾರು ಸೈಕಲ್ ಸವಾರರು ತಲೆಯೊಡೆದುಕೊಂಡು ಸಾಯುತ್ತಿದ್ದುದನ್ನು ಅವರು ಅಭ್ಯಸಿಸಿದರು. 1941ರಲ್ಲಿ ಹೆಲ್ಮೆಟ್ಟಿನ ಅಗತ್ಯವನ್ನು ಕುರಿತು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಆ ದೇಶದ ಸಾಮಾನ್ಯ ಪ್ರಜೆಗೆ ಕಡ್ಡಾಯವಾದದ್ದು 1973ರಲ್ಲಿ. ಅದನ್ನು ಕಾಣಲು ಕೇರ್ನ್ಸ್ ಉಳಿದಿರಲಿಲ್ಲ, 1952ರಲ್ಲೇ ಕಾಲವಾಗಿದ್ದರು. ವೈದ್ಯನಿಗೆ ಹೊಳೆದ ಸತ್ಯ ಕಾನೂನಾಗಲು ಅಲ್ಲಿಯೂ ಮೂವತ್ತು ವರ್ಷಗಳಿಗೂ ಮೀರಿ ಹಿಡಿಯಿತು.

ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ಟು ಕಡ್ಡಾಯವಾಗಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಆಗ ಎದ್ದ ಗೊಣಗಾಟ ನಿಮಗೆ ನೆನಪಿರಬಹುದು: ಸೆಕೆ, ಕೂದಲು ಉದುರುತ್ತದೆ, ಮುಡಿದ ಹೂವು ಬಾಡುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ಟು ಧರಿಸದೆ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂದೆ ಕುಳಿತವರು. ಇಷ್ಟು ದೊಡ್ಡ ಸಂಖ್ಯೆಗಳು ಮನಸ್ಸನ್ನು ಮುಟ್ಟುವುದಿಲ್ಲ ಎಂಬುದು ನನಗೂ ಗೊತ್ತು. ನನಗೆ ಹಾಗೆ ಹಿಂದೆ ಕುಳಿತಿದ್ದ ಒಬ್ಬನೇ ಸಾಕಾಗಿದೆ.

ಹೆಲ್ಮೆಟ್ಟು ಕೆಲಸ ಮಾಡುವ ಬಗೆಯನ್ನು ತಿಳಿದರೆ ಅದನ್ನು ಕೊಳ್ಳುವ ಬಗೆಯೂ ತಿಳಿಯುತ್ತದೆ. ವೇಗವಾಗಿ ಬರುವ ಚೆಂಡನ್ನು ಹಿಡಿಯುವಾಗ ನಾವು ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತೇವೆ. ಚೆಂಡು ನಿಲ್ಲುವ ಅವಧಿ ತುಸು ಉದ್ದವಾಗಿ ಪೆಟ್ಟು ತಗ್ಗುತ್ತದೆ. ಹೆಲ್ಮೆಟ್ಟಿನ ಹೊರಚಿಪ್ಪು ಹೊಡೆತವನ್ನು ಹರಡುತ್ತದೆ. ಒಳಗಿನ ಥರ್ಮೋಕೋಲಿನಂಥ ಪದರ ತಾನು ಜಜ್ಜಿಹೋಗಿ ಮಿದುಳಿಗೆ ಆ ತುಸು ಅವಧಿಯನ್ನು ಗಳಿಸಿಕೊಡುತ್ತದೆ. ಆದ್ದರಿಂದ ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಬಳಸಬಾರದು. ಒಳಪದರವೇ ಇಲ್ಲದ, ತಲೆಯ ಅರ್ಧವನ್ನಷ್ಟೆ ಮುಚ್ಚುವ ಟೋಪಿ ಹೆಲ್ಮೆಟ್ಟು ಪೊಲೀಸರಿಗೆ ತೋರಿಸುವುದಕ್ಕೆ ಮಾತ್ರ; ಈಗೀಗ ಅವರೂ ಅದನ್ನು ಒಪ್ಪುತ್ತಿಲ್ಲ. ಐ.ಎಸ್.ಐ. ಗುರುತು ಇರಬೇಕು, ಗದ್ದದ ಪಟ್ಟಿ ಬಿಗಿದಿರಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ಟು ತಲೆಗಿಂತ ಮುಂಚೆ ನೆಲ ಸೇರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಹೆಲ್ಮೆಟ್ಟು ಸಾವಿನ ಅಪಾಯವನ್ನು ನೂರಕ್ಕೆ 42ರಷ್ಟೂ, ತಲೆಯ ಗಾಯದ ಅಪಾಯವನ್ನು ನೂರಕ್ಕೆ 69ರಷ್ಟೂ ತಗ್ಗಿಸುತ್ತದೆ. ಹಾಗೆಯೇ ಹಿಂದಿನ ಚಕ್ರಕ್ಕೆ ಸೀರೆಯ ಸೆರಗೋ ದುಪಟ್ಟವೋ ಸಿಕ್ಕದಂತೆ ರಕ್ಷೆಯಿರಬೇಕೆಂದೂ, ಹಿಂದೆ ಕೂರುವವರಿಗೆ ಹಿಡಿಕೆ ಮತ್ತು ಪಾದವೂರುವ ಜಾಗ ಇರಬೇಕೆಂದೂ ನಿಯಮವಿದೆ. ವಾಹನ ಸೊಗಸಾಗಿ ಕಾಣಲೆಂದು ಆ ರಕ್ಷೆಯನ್ನು ಕಳಚಿಸುವ ಹುಡುಗರು ಒಂದು ದಿನ ತಮ್ಮ ತಾಯಿಯನ್ನೇ ಹಿಂದೆ ಕೂರಿಸಿಕೊಳ್ಳುತ್ತಾರೆ.

ಕಣ್ಣಿನ ಮಾತಿಗೆ ಮತ್ತೆ ಬರಬೇಕು. ಅಪಘಾತವಾದ ಮೇಲೆ ಕಾರಿನವರು ಬಹುಸಲ ಹೇಳುವ ಮಾತು, “ಕಾಣಿಸಲೇ ಇಲ್ಲ” ಎಂಬುದು. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕಣ್ಣು ಸ್ಪಷ್ಟವಾಗಿ ಕಾಣುವುದು ದೃಷ್ಟಿಯ ನಡುವಿನ ಚಿಕ್ಕದೊಂದು ಭಾಗವನ್ನು ಮಾತ್ರ. ತಲೆ ತಿರುಗಿಸಿ ನೋಡುವಾಗ ಕಣ್ಣು ಸರಾಗವಾಗಿ ಹರಿಯುವುದಿಲ್ಲ, ಕುಪ್ಪಳಿಸುತ್ತದೆ. ಒಂದು ನಿಲುಗಡೆಗೂ ಇನ್ನೊಂದಕ್ಕೂ ನಡುವೆ, ಕುಪ್ಪಳಿಸುವ ಹೊತ್ತಿನಲ್ಲಿ, ಮಿದುಳಿಗೆ ಸ್ಪಷ್ಟ ಚಿತ್ರ ತಲುಪುವುದಿಲ್ಲ. ಆ ಬಿರುಕಿನಲ್ಲಿ ಲಾರಿ ಅಡಗಲಾರದು. ಮೋಟಾರು ಸೈಕಲ್ಲು ಅಡಗಬಲ್ಲದು. ಕಾರಿನ ಮುಂಗಾಜಿನ ಪಕ್ಕದ ಕಂಬವೊಂದೇ ಸಾಕು, ಸವಾರನನ್ನು ಪೂರ್ತಿ ಮರೆಮಾಡಲು. ಆದ್ದರಿಂದ ಕಾರು ನಡೆಸುವವರು ಕೂಡುರಸ್ತೆಯಲ್ಲಿ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ, ಒಂದೊಂದು ಕಡೆಯೂ ಕಣ್ಣನ್ನು ಒಂದು ಕ್ಷಣ ನಿಲ್ಲಿಸಿ ನೋಡಬೇಕು. ಕಂಬದ ಆಚೆ ಕಾಣುವಂತೆ ಮೈಯನ್ನು ತುಸು ಬಾಗಿಸಬೇಕು. ಸವಾರನಾದರೋ ತಾನು ಯಾರ ಕಣ್ಣಿಗೂ ಬಿದ್ದಿಲ್ಲವೆಂದೇ ತಿಳಿದು ಸಾಗಬೇಕು. ಎದುರಿನ ಕಾರಿನವನು ಏನು ಮಾಡುತ್ತಾನೆಂದು ಅವನ ಮುಖ ನೋಡಿ ತಿಳಿಯಲಾಗದು. ಅದರ ಮುಂದಿನ ಚಕ್ರವನ್ನು ನೋಡಬೇಕು, ಮೊದಲು ತಿರುಗುವುದು ಅದು. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಲಾರಿಗಳ ಬೆನ್ನಿನ ಮೇಲೆ ಬರೆದ ಸಾಹಿತ್ಯವನ್ನು ಸವಿಯುತ್ತ ಅದಕ್ಕೆ ಅಂಟಿಕೊಂಡೇ ಹೋಗುವ ರಸಿಕರು ಇದನ್ನು ನೆನಪಿಡಬೇಕು. ಇನ್ನು ಮೊಬೈಲು. ನೋಡುವ ಕಣ್ಣನ್ನೇ ಕಿತ್ತು ಅಂಗೈಯಲ್ಲಿಟ್ಟುಕೊಂಡವರಿಗೆ ಹೇಳುವುದೇನು? 60ರ ವೇಗದಲ್ಲಿ ಎರಡು ಸೆಕೆಂಡು ಅದನ್ನು ನೋಡಿದರೆ 33 ಮೀಟರು ಕುರುಡಾಗಿ ಹೋದಂತೆ.

ಅಪಘಾತದ ಬಳಿಕ ಆರು ತಿಂಗಳು ನಾನು ಬಹಳ ಎಚ್ಚರದ ಸವಾರನಾಗಿದ್ದೆ. ಆಮೇಲೆ ಮೆಲ್ಲಗೆ ಹಳೆಯ ಚಾಳಿಗೆ ಮರಳಿದೆ. ಇದು ನನ್ನೊಬ್ಬನ ದೌರ್ಬಲ್ಯವೆಂದುಕೊಂಡಿದ್ದೆ. ಒಂದು ಇಡೀ ದೇಶವೇ ಹೀಗೆ ನಡೆದುಕೊಂಡದ್ದನ್ನು ಮುಂದೆ ಓದಿದೆ. ಸ್ವೀಡನ್ ದೇಶದಲ್ಲಿ ಜನ ನಮ್ಮಂತೆಯೇ ರಸ್ತೆಯ ಎಡಗಡೆ ವಾಹನ ನಡೆಸುತ್ತಿದ್ದರು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ದೇಶಕ್ಕೆ ದೇಶವೇ ಬಲಗಡೆಗೆ ದಾಟಿಕೊಂಡಿತು. ಹೆಣಗಳ ರಾಶಿ ಬೀಳುತ್ತದೆಂದು ಹೆದರಿದವರಿದ್ದರು. ಆದದ್ದು ಅದಕ್ಕೆ ವಿರುದ್ಧ: ರಸ್ತೆಯ ಸಾವುಗಳು ಕಡಿಮೆಯಾದವು. ಎಲ್ಲರೂ ಹೊಸಬರಾಗಿದ್ದರು, ಎಲ್ಲರೂ ಕಣ್ಣು ತೆರೆದು ಓದುತ್ತಿದ್ದರು. ಬಲಗಡೆ ರೂಢಿಯಾದಂತೆ, ಎರಡು ವರ್ಷಗಳೊಳಗೆ, ಲೆಕ್ಕ ಮತ್ತೆ ಮೊದಲಿನ ಮಟ್ಟಕ್ಕೇ ಏರಿತು. ಭಯ ಕಲಿಸಿದ ಪಾಠ ಭಯ ಆರಿದೊಡನೆ ಮರೆತುಹೋಗುತ್ತದೆ.

ಹಾಗಾದರೆ ಯಾವ ವಯಸ್ಸಿಗೆ ಯಾವ ಪಾಠ? ಹದಿನೆಂಟರ ಹುಡುಗನ ಕಣ್ಣು ಚುರುಕು, ಕೈ ಚುರುಕು. ಅವನಿಗೆ ಇಲ್ಲದುದು ಓದಿನ ಅನುಭವ. ಪಕ್ಕದಲ್ಲಿ ಗೆಳೆಯರಿದ್ದರಂತೂ ಅವನು ರಸ್ತೆಯನ್ನು ಬಿಟ್ಟು ಗೆಳೆಯರ ಮುಖವನ್ನೇ ಓದುತ್ತಾನೆ. ಹದಿನಾರಕ್ಕೆ ಗೇರಿಲ್ಲದ, 50 ಸಿ.ಸಿ.ಗೆ ಮೀರದ ವಾಹನಕ್ಕೆ ಮಾತ್ರ ಲೈಸೆನ್ಸು. ಮಿಕ್ಕದ್ದೆಲ್ಲ ಹದಿನೆಂಟಾದ ಮೇಲೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂತೆಂದು ಮಗನಿಗೆ ಮೋಟಾರು ಸೈಕಲ್ಲಿನ ಕೀಲಿಕೈಯನ್ನು ಕೊಡುವ ತಂದೆಯರನ್ನು ನಾನು ಮೇಷ್ಟರಾಗಿ ಬಹಳ ಕಂಡಿದ್ದೇನೆ. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಕನ ಅಪರಾಧಕ್ಕೆ ಆ ತಂದೆಯೇ ಹೊಣೆ: ಮೂರು ವರ್ಷದವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರ ರೂಪಾಯಿ ದಂಡ; ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸು ಸಿಕ್ಕದು.

ಹುಡುಗರನ್ನು ಗದರಿಸುವುದು ಸುಲಭ; ನನ್ನಂಥ ಮುದುಕರಿಗೆ ಹೇಳುವವರು ಯಾರು? ಇಪ್ಪತ್ತು ವರ್ಷದವನ ಕಣ್ಣಿನೊಳಕ್ಕೆ ತಲುಪುವ ಬೆಳಕಿನಲ್ಲಿ ಅರವತ್ತರ ಕಣ್ಣಿಗೆ ತಲುಪುವುದು ಸುಮಾರು ಮೂರನೆಯ ಒಂದು ಪಾಲು. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಎದುರು ದೀಪದ ಪ್ರಖರತೆಯಿಂದ ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕು. ಕತ್ತು ಪೂರ್ತಿ ಹೊರಳುವುದಿಲ್ಲ. ನೆಗಡಿಗೋ ನಿದ್ರೆಗೋ ತೆಗೆದುಕೊಂಡ ಮಾತ್ರೆ ಮಂಪರು ತರುತ್ತದೆ. ನಲವತ್ತು ದಾಟಿದ ಮೇಲೆ ಲೈಸೆನ್ಸಿಗೆ ವೈದ್ಯರ ಪ್ರಮಾಣಪತ್ರ ಬೇಕು. ಐವತ್ತೈದರ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನನಗೂ ಪ್ರಮಾಣಪತ್ರ ಸಿಕ್ಕಿತು, ನವೀಕರಣವೂ ಆಯಿತು. ಆದರೆ ಮನೆಯ ಗೇಟಿನ ಎಡಗಂಬದ ಬಣ್ಣ ಕಾರಿನ ಎಡಬಾಗಿಲಿಗೆ ಹತ್ತಿರುವುದನ್ನು ಮೊದಲು ಕಂಡವಳು ನನ್ನ ಮಗಳು. ಅವಳು ಏನನ್ನೂ ಹೇಳಲಿಲ್ಲ. ಒದ್ದೆ ಬಟ್ಟೆ ತಂದು ಒರೆಸಿದಳು. ಮುಂದಿನ ತಿಂಗಳು ಅದೇ ಜಾಗದಲ್ಲಿ ಎರಡನೆಯ ಗೆರೆ ಬಿತ್ತು. ಆಗ, “ಅಪ್ಪಾ, ಕತ್ತಲಾದ ಮೇಲೆ ಕಾರು ತೆಗೆಯೋದು ಬೇಡ” ಎಂದಳು. ನಾನು ಎರಡು ದಿನ ಅವಳೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ಕಣ್ಣಿನ ವೈದ್ಯರಲ್ಲಿಗೆ ಹೋದೆ. ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಯಾದ ಮೇಲೆ ಹಗಲಿನಲ್ಲಿ, ಪರಿಚಯದ ದಾರಿಗಳಲ್ಲಿ ಮಾತ್ರ ಕಾರು ನಡೆಸುತ್ತೇನೆ. ತಂದೆಗೆ ಇಂಥ ಮಾತನ್ನು ಹೇಳುವುದು ಮಕ್ಕಳಿಗೆ ಎಷ್ಟು ಕಷ್ಟವೆಂಬುದು, ನನ್ನ ತಂದೆಗೆ ನಾನೇ ಹೇಳಲಾರದೆ ಉಳಿದದ್ದನ್ನು ನೆನೆದಾಗ ಅರ್ಥವಾಯಿತು.

ಒಂದು ಸಂಗತಿಯನ್ನು ಹೇಳದಿದ್ದರೆ ಋಣ ಉಳಿಯುತ್ತದೆ. ಆ ರಾತ್ರಿ ಗಾಡಿಯವನು ಪೊಲೀಸು, ಕೋರ್ಟು ಎಂಬ ಭಯವಿಲ್ಲದೆ ಅರ್ಧ ಹೊರೆ ಕಬ್ಬನ್ನು ಕೆಳಕ್ಕೆ ತಳ್ಳಿ, ನನ್ನ ತಮ್ಮನನ್ನು ಮಲಗಿಸಿಕೊಂಡು ಊರು ಮುಟ್ಟಿಸಿದ. ಅವನ ಹೆಸರನ್ನೂ ನಾನು ಕೇಳಲಿಲ್ಲ. ಇಂದು ಹಾಗೆ ನೆರವಾಗುವವನಿಗೆ ಕಾನೂನೇ ಬೆಂಬಲವಾಗಿದೆ. 2016ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಮಾರ್ಗಸೂಚಿಗಳೂ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134-ಎ ಕಲಮೂ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವನನ್ನು ಪೀಡಿಸುವಂತಿಲ್ಲವೆಂದು ಹೇಳುತ್ತವೆ. ತನ್ನ ಹೆಸರು ಹೇಳುವಂತೆ ಅವನನ್ನು ಬಲವಂತ ಮಾಡುವಂತಿಲ್ಲ. 108ಕ್ಕೋ 112ಕ್ಕೋ ಕರೆ ಮಾಡಿ, ಹಿಂದಿನಿಂದ ಬರುವ ವಾಹನಗಳಿಗೆ ಎಚ್ಚರಿಕೆ ಕೊಟ್ಟು, ಸುರಿಯುವ ರಕ್ತವನ್ನು ಬಟ್ಟೆಯಿಂದ ಒತ್ತಿ ಹಿಡಿದರೆ ಅದೇ ದೊಡ್ಡ ಉಪಕಾರ. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಬಿದ್ದವನ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು. ಕತ್ತಿನ ಮೂಳೆಗೆ ಪೆಟ್ಟಾಗಿರಬಹುದು.

ಕೊನೆಯದಾಗಿ, ಓದಲು ಕಲಿಸುವ ಬಗೆ. ಲಂಡನ್ನಿನ ಹೆಂಡನ್ ಎಂಬಲ್ಲಿ 1930ರ ದಶಕದಲ್ಲಿ ಪೊಲೀಸರಿಗಾಗಿ ಚಾಲನಾ ಶಾಲೆಯೊಂದು ಆರಂಭವಾಯಿತು. ಅಲ್ಲಿ ಬೆಳೆದ ಪದ್ಧತಿಯೇ ಮುಂದೆ 1955ರಲ್ಲಿ ‘ರೋಡ್‌ಕ್ರಾಫ್ಟ್’ ಎಂಬ ಪುಸ್ತಕವಾಗಿ ಜನರ ಕೈಗೂ ಬಂತು. ಆ ಪರಂಪರೆಯ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿದೆ. ವಾಹನ ನಡೆಸುತ್ತಿರುವಾಗ ಚಾಲಕ ತಾನು ಕಂಡದ್ದನ್ನು, ಊಹಿಸಿದ್ದನ್ನು, ಅದಕ್ಕೆ ತಾನು ಮಾಡಲಿರುವುದನ್ನು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಗಮಕಿ ವಾಚನ ಮಾಡಿದಂತೆ ರಸ್ತೆ ಸಾಗುತ್ತಿರುತ್ತದೆ, ವ್ಯಾಖ್ಯಾನಕಾರ ಅದರ ಅರ್ಥ ಹೇಳುತ್ತಿರುತ್ತಾನೆ. ಪಕ್ಕದಲ್ಲಿ ಕುಳಿತವರಿಗೆ ಶಿಷ್ಯ ಏನನ್ನು ಕಂಡ, ಏನನ್ನು ಕಾಣಲಿಲ್ಲ ಎಂಬುದು ಕೂಡಲೇ ತಿಳಿಯುತ್ತದೆ. ಮಗನಿಗೆ, ಮಗಳಿಗೆ, ಮೊಮ್ಮಗನಿಗೆ ಕಲಿಸುವವರು ಇದನ್ನು ಮಾಡಿ ನೋಡಬಹುದು, ಖರ್ಚಿಲ್ಲ.

ನನ್ನ ಮೊಮ್ಮಗನಿಗೆ ಹೋದ ವರ್ಷ ಲೈಸೆನ್ಸು ಬಂತು. ಈ ಚಳಿಗಾಲದಲ್ಲಿ ಒಂದು ಸಂಜೆ ಮೈಸೂರಿನಿಂದ ಮಂಡ್ಯಕ್ಕೆ ಅವನೇ ಕಾರು ನಡೆಸಿದ. ಈಚೆಗೆ ತೆರೆದ ಹೆದ್ದಾರಿಯನ್ನು ಬಿಟ್ಟು ಹಳ್ಳಿಗಳ ನಡುವಿನ ದಾರಿಯಲ್ಲೇ ಹೋಗೆಂದೆ. ನಾನು ಅವನ ಪಕ್ಕದಲ್ಲಿ, ನನ್ನ ತಮ್ಮ ಹಿಂದಿನ ಸೀಟಿನಲ್ಲಿ ಎಡಗಾಲನ್ನು ನೀಡಿಕೊಂಡು ಕುಳಿತಿದ್ದೆವು. ಕತ್ತಲಾಗುತ್ತಿತ್ತು. ಹುಡುಗ ಮೊದಲು ನಾಚುತ್ತ, ಆಮೇಲೆ ಹುರುಪಿನಿಂದ ಹೇಳುತ್ತ ಬಂದ: “ಎಡಗಡೆ ಟೀ ಅಂಗಡಿ, ಜನ ದಾಟಬಹುದು. ಮುಂದೆ ಹಂಪು ಇರಬೇಕು, ಆ ಬೈಕಿನ ದೀಪ ಎಗರಿತು. ಎದುರಿಗೆ ಬಸ್ಸು, ದೀಪ ಜೋರಾಗಿದೆ, ನಾನು ರಸ್ತೆಯ ಎಡ ಅಂಚು ನೋಡ್ತೀನಿ, ನಿಧಾನ ಮಾಡ್ತೀನಿ.” ಬಸ್ಸು ಹಾದುಹೋಯಿತು. ಈಗ ಎತ್ತಿನ ಗಾಡಿಗಳು ಬಹಳ ಕಡಿಮೆ; ಟ್ರಾಕ್ಟರುಗಳು ಎರಡೆರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ಹೋಗುತ್ತವೆ. ಹಿಂದೆ ಕೆಂಪು ದೀಪವಿದ್ದರೂ ಜೋತುಬಿದ್ದ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ.

“ರಸ್ತೆಯ ಮೇಲೆ ಕಬ್ಬಿನ ಸೋಗೆ ಬಿದ್ದಿದೆ, ತಾತ,” ಎಂದ ಮೊಮ್ಮಗ. “ಇನ್ನೂ ಹಸಿರಾಗಿದೆ. ಮುಂದೆ ಎಲ್ಲೋ ಗಾಡಿ ಇರಬೇಕು.”

ವೇಗ ಇಳಿಸಿದ. ನಮ್ಮ ದೀಪದ ಬೆಳಕು ಮುಗಿಯುವ ಕಡೆ ಏನೂ ಕಾಣುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ತಮ್ಮ ಮೆಲ್ಲನೆ ಕಾಲನ್ನು ಒಳಕ್ಕೆ ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಟ್ರೇಲರು ಕಂಡಿತು. ನಾವು ಅದರ ಹಿಂದೆ ಸಾಕಷ್ಟು ದೂರದಲ್ಲಿ, ಅದರ ವೇಗದಲ್ಲೇ, ಮಂಡ್ಯದವರೆಗೂ ಹೋದೆವು.